ವೈವಾದಲ್ಲಿ ಕೇಳಿದ ಹೆಚ್ಚಿನ ಪ್ರಶ್ನೆಗಳು

ಸ್ನೇಹಿತರೇ, ಇವತ್ತು ಕೊಚ್ಚಿಯ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ವೈವಾ. ಪ್ರಶ್ನೆ ಕೇಳುವವಳು ನಾನು. ನನ್ನದೇ ಊರಾದ ಕಾಸರಗೋಡಿನಿಂದ ಬಂದ ಶ್ರುತಿ ಎದುರು ಕುಳಿತು ಇಂಗ್ಲಿಷಿಗಾಗಿ ತಡಕಾಡುತ್ತಿದ್ದಳು. ಕಣ್ಣು ತುಂಬಿತ್ತು.

"ಕನ್ನಡದಲ್ಲೇ ಹೇಳು ಮಾರಾಯ್ತಿ" ಎಂದೆ.

ಬೆಚ್ಚಿ ನನ್ನನ್ನು ನೋಡಿದಳು. ಆಮೇಲೆ ಮಾತು ಸರಾಗವಾಯಿತು. "ಅಯಸ್ಕಾಂತವನ್ನು ಸುರುಳಿಯ ಒಳಗೆ ತಳ್ಳುವಾಗ ಮೀಟರಿನ ಮುಳ್ಳು ಒಂದು ಕಡೆಗೆ ತಿರುಗ್ತದೆ ಟೀಚರ್, ಹೊರಗೆ ಎಳೆಯುವಾಗ ಇನ್ನೊಂದು ಕಡೆಗೆ. ಸುಮ್ಮನೆ ಇಟ್ಟರೆ ಏನೂ ಇಲ್ಲ. ಕಾಂತಕ್ಷೇತ್ರ ಬದಲಾಗುವಾಗ ಮಾತ್ರ ವಿದ್ಯುತ್ ಪ್ರೇರಣೆ ಆಗುವುದು."

ಪೂರ್ಣ ಅಂಕ ಅಲ್ಲೇ ಬರೆದೆ. ಆದರೆ ಅವಳನ್ನು ಕಳಿಸಲು ಮನಸ್ಸು ಬರಲಿಲ್ಲ. ಊರಿನ ಕನ್ನಡ ಶಾಲೆಯಲ್ಲಿ ನಾನು ಕಲಿತ ಈ ಪದಗಳನ್ನು ಇಪ್ಪತ್ತು ವರ್ಷಗಳಿಂದ ಯಾರ ಬಾಯಲ್ಲೂ ಕೇಳಿರಲಿಲ್ಲ. ಮನೆಯಲ್ಲಿ ಮಗಳೂ ಮಲಯಾಳದಲ್ಲೇ ಉತ್ತರಿಸುತ್ತಾಳೆ. ಡೈನಮೋ ಬಗ್ಗೆ ಕೇಳಿದೆ, ಟ್ರಾನ್ಸ್‌ಫಾರ್ಮರ್ ಬಗ್ಗೆ ಕೇಳಿದೆ, ಕೊನೆಗೆ ಅಡುಗೆಮನೆಯ ಇಂಡಕ್ಷನ್ ಒಲೆಯನ್ನೂ ಬಿಡಲಿಲ್ಲ. ಎಲ್ಲಕ್ಕೂ ಕನ್ನಡದಲ್ಲಿ ಉತ್ತರ ಬಂತು.

ಹೊರಗೆ ಹೋದವಳೇ ಮನೆಗೆ ಫೋನ್ ಮಾಡಿದಳು. "ನಮ್ಮ ಊರಿನವರು ಅಂತ ಖುಷಿಪಟ್ಟೆ ಅಮ್ಮಾ. ನೋಡಿದರೆ ಎಲ್ಲರಿಗಿಂತ ಜಾಸ್ತಿ ಪ್ರಶ್ನೆ ಕೇಳಿದ್ದು ನನಗೇ!"

ನನ್ನ ಮೇಲಿನ ಆ ದೂರನ್ನೂ ಬಾಗಿಲ ಮರೆಯಲ್ಲಿ ನಿಂತು ಕೊನೆಯವರೆಗೂ ಕೇಳಿದೆ. ಎಷ್ಟು ಚಂದದ ಕನ್ನಡ!