ಎಲೆ ಇಲ್ಲದ್ದೆಲ್ಲ ಹೆಣವಂತೆ

ಎದುರಿಗೆ ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಗುಡುಗಮ್ಮ. ನಲವತ್ತು ವರ್ಷ ಕುರಿ ಕಾದವಳು. ದನಿ ಸಣ್ಣದಾದರೆ ಕುರಿಯೂ ಕೇಳುವುದಿಲ್ಲ, ಕಚೇರಿಯೂ ಕೇಳುವುದಿಲ್ಲ. ಸರ್ಕಾರಿ ಹುಲ್ಲುಗಾವಲಿನ ಸಮಿತಿಗೆ ಅವಳನ್ನು ಸೇರಿಸಿಕೊಂಡಿದ್ದೂ ಆ ಬಾಯಿಗೆ ಹೆದರಿಯೇ.

ಆದರೆ ಬೇಕಾದ ದಿನವೇ ಆ ಬಾಯಿ ಕೈಕೊಟ್ಟಿತು. ಬಿರುಬೇಸಿಗೆಯಲ್ಲಿ ಅಧಿಕಾರಿ ಜೀಪಿನಲ್ಲಿ ಬಂದು, ಕೆಳಗೂ ಇಳಿಯದೆ, ಕಿಟಕಿಯಿಂದಲೇ ಕಾಗದ ಚಾಚಿದ. "ಒಣಗಿದ ಗಿಡಮರ ತೆಗೆಸಿ ಹುಲ್ಲು ಬಿತ್ತಿಸ್ತೀವಿ ಅಕ್ಕ, ನಿಮ್ಮ ಕುರಿಗೇ ಒಳ್ಳೇದು." ಒಣಗಿದ್ದು ತಾನೆ, ಸೌದೆಗಾದರೂ ಆಯಿತು ಅಂದುಕೊಂಡು ಗುಡುಗಮ್ಮ ಹಿಂದೆಮುಂದೆ ನೋಡದೆ ಸಹಿ ಜಡಿದಳು.

ಹತ್ತು ದಿನಕ್ಕೆ ಬುಲ್ಡೋಜರ್ ಬಂತು. ಸದ್ದು ಕೇಳಿ ಸೊಸೆಯನ್ನೂ ಕರೆದುಕೊಂಡು ಓಡಿದಳು. ಕೆಡವುವ ಗುರುತಿಗೆಂದು ಬೆಳಗ್ಗೆಯಷ್ಟೇ ಬಳಿದ ಕೆಂಪು ಬಣ್ಣ ಬಯಲಿನ ಒಂದೊಂದು ಪೊದೆಯ ಮೇಲೂ ಒಂದೊಂದು ಮರದ ಮೇಲೂ ಹಸಿಯಾಗಿತ್ತು. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಈ ನೆಲದ ಗಿಡಗಳು ಬೇಸಿಗೆಯಲ್ಲಿ ಎಲೆ ಉದುರಿಸುತ್ತವೆ, ಮೊದಲ ಮಳೆಗೆ ಚಿಗುರುತ್ತವೆ. ಹುಲ್ಲು ಮೇಲೇಳುವ ತನಕ ಮಂದೆಯ ಹೊಟ್ಟೆ ತುಂಬಿಸುವುದು ಆ ಚಿಗುರೇ. ಅದು ಹೋದರೆ ಕುರಿಗಳನ್ನು ಮಾರಬೇಕು, ಇಲ್ಲವೇ ಮಣ್ಣುಮಾಡಬೇಕು. ಈ ಓದಿದ ಮಹಾನುಭಾವನಿಗೆ ಎಲೆ ಇಲ್ಲದ್ದೆಲ್ಲ ಹೆಣ!

"ನಿಲ್ಸೋ!" ಎಂದು ಅವಳು ಗುಡುಗಿದ್ದಕ್ಕೆ ಡ್ರೈವರ್ ತಬ್ಬಿಬ್ಬಾಗಿ ನಿಲ್ಲಿಸಿಯೇಬಿಟ್ಟ.

ಅಧಿಕಾರಿ ಜೀಪಿನಿಂದಲೇ ಕೇಳಿದ, "ಏನಕ್ಕ ಇದು? ನೀವೇ ಸಹಿ ಹಾಕಿದ್ದೀರಲ್ಲ."

"ಸತ್ತಿರೋದಕ್ಕೆ ಹಾಕಿದೆ. ಜೀವ ಇರೋದಕ್ಕಲ್ಲ."

"ಜೀವ ಇದ್ರೆ ಒಂದೇ ಒಂದು ಎಲೆ ತೋರಿಸಿ ನೋಡೋಣ."

ಗುಡುಗಮ್ಮ ಹತ್ತಿರದ ಪೊದೆಯ ಕಡ್ಡಿ ಹಿಡಿದು ಹೆಬ್ಬೆರಳ ಉಗುರಿನಿಂದ ಪರಚಿದಳು. ಬೂದು ತೊಗಟೆಯ ಕೆಳಗೆ ಹಸಿರು ಕಂಡಿತು. ಸೌದೆ ಮುರಿಯುವ ಮುಂಚೆ ಕುರಿಯವರೆಲ್ಲ ಹೀಗೆ ಪರಚಿ ನೋಡುತ್ತಾರೆ, ಹಸಿರಿದ್ದರೆ ಮುಟ್ಟುವುದಿಲ್ಲ. "ಕಣ್ಣುಬಿಟ್ಟು ನೋಡಿ ಸಾರ್. ಹೆಣದಲ್ಲಿ ರಸ ಇರುತ್ತಾ?"

ಅವನು ಗಡಿಯಾರ ನೋಡಿಕೊಂಡ. "ಸರಿ, ನೀವು ಹಸಿರು ತೋರಿಸಿದ್ದನ್ನ ಬಿಡ್ತೀವಿ. ಆದ್ರೆ ಗಾಡಿ ನಿಲ್ಲಲ್ಲ."

ಎಂಥ ನ್ಯಾಯ ನೋಡಿ! ಅತ್ತ ಬುಲ್ಡೋಜರ್, ಇತ್ತ ಇಬ್ಬರು ಹೆಂಗಸರ ಉಗುರು. ಅತ್ತೆ ಸೊಸೆ ಅದರ ಮುಂದೆ ಮುಂದೆ ಓಡುತ್ತ ಕಡ್ಡಿ ಕಡ್ಡಿ ಪರಚಿದರು. ಉಗುರು ಮುರಿಯಿತು, ಕಲ್ಲಿನ ಚೂರು ಹಿಡಿದರು.

"ಅತ್ತೆ, ಕೈಯಲ್ಲಿ ರಕ್ತ!"

"ಅದನ್ನ ಆಮೇಲೆ ನೋಡ್ಕೊಳ್ಳೋಣ. ನೀನು ಆ ಕಡೆಯಿಂದ ಪರಚ್ತಾ ಬಾ!"

ಸಂಜೆಗೆ ಬಯಲಿನ ಮುಕ್ಕಾಲು ಪಾಲು ಬೋಳಾಗಿತ್ತು. ಇಳಿಜಾರಿನ ಪೊದೆಗಳು, ಹಳ್ಳದ ಮೇಲಿನ ಮರಗಳು ಉಳಿದವು. ಅಧಿಕಾರಿ ಇನ್ನೊಂದು ಕಾಗದ ಚಾಚಿದ. ಉಳಿದ ಗಿಡಗಳನ್ನು ಮತ್ತೆ ಪರಿಶೀಲಿಸುವರಂತೆ.

"ಯಾವಾಗ?"

"ಮುಂದಿನ ವರ್ಷ, ಇದೇ ತಿಂಗಳು."

ಅಂದರೆ ಮತ್ತೆ ಎಲೆ ಉದುರಿದ ಬೇಸಿಗೆಯಲ್ಲೇ! "ಮಳೆ ಬಿದ್ಮೇಲೆ ಬನ್ನಿ. ಜೀಪಿಂದ ಇಳಿದು ಬನ್ನಿ. ಈಗ ಸಾಯಿಸಿದ್ರೂ ಸಹಿ ಹಾಕಲ್ಲ."

"ಬೇಡ ಬಿಡಿ," ಎಂದು ಅವನು ಕಾಗದ ಮಡಿಚಿದ. "ಹಳೇ ಸಹಿ ಇದೆಯಲ್ಲ, ಅದೇ ಸಾಕು."

ಮರುದಿನ ಕಚೇರಿಯ ಬೀಗ ತೆಗೆಯುವ ಮೊದಲೇ ಗುಡುಗಮ್ಮ ಅದರ ಮೆಟ್ಟಿಲ ಮೇಲೆ ಕೂತಿದ್ದಳು, ಬೆರಳಿಗೆ ಬಟ್ಟೆ ಸುತ್ತಿಕೊಂಡು. ಮಂದೆ ಪೂರ್ತಿ ಅಂಗಳದೊಳಗಿತ್ತು. ಅಲ್ಲಿ ದಿನಾ ನೀರು ಕುಡಿದ ಗಿಡಗಳು ಬೇಸಿಗೆಯಲ್ಲೂ ಸೊಂಪಾಗಿದ್ದವು.

"ಅಯ್ಯಯ್ಯೋ, ಕುರಿ ಓಡಿಸಿ!" ಅಧಿಕಾರಿ ಮೊದಲ ಸಲ ಜೀಪಿನಿಂದ ತಾನಾಗಿ ಹಾರಿದ. "ತೋಟವೆಲ್ಲ ಹೋಯ್ತು!"

"ನನ್ನ ಸಹಿ ಅಳಿಸಿ, ಓಡಿಸ್ತೀನಿ," ಎಂದಳು ಗುಡುಗಮ್ಮ. "ಅಲ್ಲೀವರೆಗೂ ಇವು ಇಲ್ಲೇ ಮೇಯ್ತವೆ."