ಸೊಳೆ ಭರಣಿಯಲ್ಲಿ ಅಂಬರ್ ಪರೀಕ್ಷೆ

ಇದನ್ನು ನಂಬದೆ ಇರ್ಲಿಕ್ಕೆ ನಿಮ್ಮಿಂದ ಆಗ್ತದಾ ನೋಡುವ. ಅಂಬರ್ ಅಸಲಿಯಾ ಅಂತ ಹಲಸಿನ ಸೊಳೆಯ ಭರಣಿಯಲ್ಲಿ ಕಂಡುಹಿಡಿದವ ನಾನು!

ಕುಂಬ್ರದ ನನ್ನ ಬ್ಯಾರಿ ದೋಸ್ತಿ ಗಲ್ಫಿಂದ ತಾಯಿಗೆ ಅಂಬರ್ ಜಪಮಣಿ ತಂದಿದ್ದ. "ಎಲ್ಲರೂ ಪ್ಲಾಸ್ಟಿಕ್ ಅಂತಾರೆ ಮಾರಾಯ, ಉಮ್ಮನಿಗೆ ಹೇಗೆ ಕೊಡುದು?" ಅಂತ ಮುಖ ಸಣ್ಣ ಮಾಡಿದ.

"ಅಳ್ಬೇಡ. ಅಂಬರ್ ಅಂದ್ರೆ ಕೋಟಿಗಟ್ಟಲೆ ವರ್ಷ ಮಣ್ಣಲ್ಲಿದ್ದು ಗಟ್ಟಿಯಾದ ಮರದ ಅಂಟು. ದಪ್ಪ ಉಪ್ಪುನೀರಲ್ಲಿ ತೇಲ್ತದೆ, ಪ್ಲಾಸ್ಟಿಕ್ ಹೆಚ್ಚಾಗಿ ಮುಳುಗ್ತದೆ" ಅಂದೆ.

ಅಂಥ ಉಪ್ಪುನೀರು ನಮ್ಮಲ್ಲಿ ಇದ್ದದ್ದು ಹೆಂಡತಿ ಮಳೆಗಾಲಕ್ಕೆ ಅಂತ ಸೊಳೆ ಉಪ್ಪಲ್ಲಿ ಹಾಕಿಟ್ಟ ಭರಣಿಯಲ್ಲಿ ಮಾತ್ರ. ದಾರ ಬಿಚ್ಚಿ ಒಂದು ಮಣಿ ಹಾಕಿದೆ. ತೇಲಿತು!

ಅವ ನನ್ನನ್ನು ಅಪ್ಪಿಕೊಂಡು, ಮಣಿ ಒರೆಸಿಕೊಂಡು ಉಮ್ಮನ ಹತ್ರ ಓಡಿದ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, ತನ್ನ ಭರಣಿಗೆ ಕೈ ಹಾಕಿದ್ದು ನೋಡಿಯೂ ನಕ್ಕು ಸುಮ್ಮನಾದಳು.

ಹೆಂಡತಿ ನಕ್ಕು ಸುಮ್ಮನಾದಳು ಅಂದೆನಲ್ಲ, ಈ ಕೊನೆಯದ್ದೊಂದು ಮಾತ್ರ ನಾನು ಸೇರಿಸಿದ ಸುಳ್ಳು.