ಹಿಂದಿನ ಮುಚ್ಚಳದ ಬರಹ

ನನಗೆ ಡಿಗ್ರಿ ಆಗುವ ಮಾತೇ ಇಲ್ಲ ಎಂದವನು ನನ್ನ ಸೋದರಮಾವ. "ನಮ್ಮ ಮನ್ಯಾಗ ಹತ್ತನೇತ್ತ ದಾಟಿದವ್ರು ಯಾರರ ಅದಾರೇನು? ಇಕಿ ಡಿಗ್ರಿ ಮಾಡ್ತಾಳಂತ. ಆಗಂಗಿಲ್ಲ ಬಿಡು," ಎಂದು ಅವ್ವನಿಗೆ ಹೇಳಿ, ಹೆಗಲಿಗೆ ಟವೆಲ್ ಹಾಕಿಕೊಂಡು ಲೋಡಿಂಗ್ ಕೆಲಸಕ್ಕೆ ಹೋದ. ಅಪ್ಪ ತೀರಿಕೊಂಡ ಮೇಲೆ ಕಲಬುರಗಿಯಿಂದ ನಮ್ಮನ್ನು ನವಿ ಮುಂಬಯಿಯ ರಬಾಳೆಗೆ ಕರೆತಂದವನು ಅವನೇ. ಮನೆಯಲ್ಲಿ ಅವನ ಮಾತೇ ಕೊನೆ.

ಆಗುತ್ತದೆ ಎಂದವರ ಬಲಗಣ್ಣಿನ ಸುತ್ತ ಉಂಗುರ ಒತ್ತಿದಂಥ ಕೆಂಪು ಗುರುತಿತ್ತು. ಅವರು ನಾನು ಪ್ಯಾಕಿಂಗ್ ಕೆಲಸಕ್ಕಿದ್ದ ಕಾರ್ಖಾನೆಯ ಕ್ಯಾಂಟೀನ್ ಮ್ಯಾನೇಜರು, ಉಡುಪಿ ಕಡೆಯವರು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಚಹಾದ ಹೊತ್ತಿಗೇ ಅದನ್ನು ತೆಗೆಯುತ್ತಿದ್ದದ್ದು. ಗುರುತು ಮಾತ್ರ ಸಂಜೆ ಕಲ್ಯಾಣದ ತಮ್ಮ ಮನೆಗೆ ಹೊರಡುವವರೆಗೂ ಮಾಸುತ್ತಿರಲಿಲ್ಲ.

ಹಳೆಯ ಕೀಲಿ ಕೊಡುವ ಕೈಗಡಿಯಾರಗಳನ್ನು ಹೊಸದಾಗಿ ಕಟ್ಟುವುದು ಅವರ ಹುಚ್ಚು. ಕಲ್ಯಾಣದ ಬಜಾರಿನಲ್ಲಿ ಗುಜರಿಯಿಂದ ಒಂದರ ಯಂತ್ರ, ಇನ್ನೊಂದರ ಕವಚ ಹುಡುಕಿ ತಂದು, ಡಯಲ್ಲಿಗೆ ತಾವೇ ಬಣ್ಣ ಹಾಕಿ, ನಮ್ಮ ಅಪ್ಪಂದಿರ ಕಾಲದ ವಾಚಿನ ಹಾಗೆಯೇ ಮಾಡುತ್ತಿದ್ದರು. ಬಿಚ್ಚಿದ ಬಿಡಿಭಾಗಗಳನ್ನು ಕ್ಯಾಂಟೀನಿನ ಹಳೆಯ ಇಡ್ಲಿ ತಟ್ಟೆಯಲ್ಲಿ ಇಡುತ್ತಿದ್ದರು; ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಯಲ್ಲಿ ಒಂದೊಂದು. ಜೋಡಿಸುವಾಗ ಕೊನೆಯ ಗುಳಿಯಿಂದ ಶುರು.

ಅವರ ಡಯಲ್ಲಿನ ಮೇಲೆ ಕಂಪನಿಯ ಹೆಸರು ಇರುತ್ತಿರಲಿಲ್ಲ. ಡೊಂಬಿವಲಿಯ ವ್ಯಾಪಾರಿಯೊಬ್ಬ ಒಮ್ಮೆ ಬಂದು, "ಸೇಟ್, ನಾಮ್ ಡಾಲ್ ದೋ ಬಸ್. ಓರಿಜಿನಲ್ ಬೋಲ್ ಕೇ ಜಾಯೇಗಾ," ಎಂದು, ಕಂಪನಿಯ ಹೆಸರು ಹಾಕಿದರೆ ಅಸಲಿ ಎಂದೇ ಮಾರಬಹುದೆಂದು ಗಂಟು ಬಿದ್ದಿದ್ದ. ಅವನಿಗೆ ಚಹಾ ಕುಡಿಸಿ ಕಳಿಸಿ, ಊಟದ ತಟ್ಟೆ ಇಡಲು ಬಂದ ನನ್ನ ಕಡೆ ತಿರುಗಿ, "ಹೆಸರು ಹಾಕದಿದ್ರೆ ಇದು ವಾಚು. ಹಾಕಿದ್ರೆ ಸುಳ್ಳು ಮಾರಾಯ್ತಿ," ಎಂದರು. ಆಮೇಲೆ ಹಿಂದಿನ ಮುಚ್ಚಳ ತೆಗೆದು ಒಳಮೈ ತೋರಿಸಿದರು. ಅಲ್ಲಿ ಸೂಜಿಯಿಂದ ಕೊರೆದ ಸಣ್ಣ ಕನ್ನಡ ಅಕ್ಷರಗಳಿದ್ದವು: ಡಯಲ್ ಹೊಸತು, ಮುಳ್ಳು ಬೇರೆ ವಾಚಿನದು, ಜೋಡಿಸಿದ್ದು ನಾನು. ಅವರು ಕಟ್ಟಿದ ಪ್ರತಿ ವಾಚಿನ ಹೊಟ್ಟೆಯಲ್ಲೂ ಇಂಥ ಬರಹ ಇತ್ತು.

ಆ ಹೊತ್ತಿಗೆ ನಾನು ಮಾವನ ಮಾತು ಮೀರಿ, ಮನೆಯಲ್ಲೇ ಓದಿ ಪರೀಕ್ಷೆ ಕಟ್ಟುವ ಬಿಎಗೆ ಸೇರಿದ್ದೆ. "ಕಾಲೇಜಿಗಿ ಹೋಗದೇ ಬರೋದು ಡುಪ್ಲಿಕೇಟ್ ಡಿಗ್ರಿ," ಎಂದು ಮಾವ ನಗುತ್ತಿದ್ದ. ಪುಸ್ತಕದ ರಾಶಿ ನೋಡಿ ನನಗೇ ಎದೆ ಒಡೆಯುತ್ತಿತ್ತು. ಕ್ಯಾಂಟೀನ್ ಮ್ಯಾನೇಜರು ಇಡ್ಲಿ ತಟ್ಟೆಯನ್ನು ನನ್ನ ಮುಂದೆ ತಳ್ಳಿ, "ಒಟ್ಟು ನೋಡಿದ್ರೆ ನಂಗೂ ಹೆದರಿಕೆಯೇ. ಇವತ್ತಿನ ಗುಳಿ ಯಾವುದು, ಅದು ಹೇಳು," ಎಂದರು. ಅವತ್ತಿನಿಂದ ಊಟದ ಬಿಡುವಿನ ಕೊನೆಯಲ್ಲಿ ನಾನು ಅಂದಿನ ಪಾಠವನ್ನು ಅವರಿಗೆ ಒಪ್ಪಿಸುವುದು ರೂಢಿಯಾಯಿತು. ಅರ್ಥಶಾಸ್ತ್ರ ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ನಾನು ತಡವರಿಸಿದರೆ ಭೂತಗನ್ನಡಿಯ ಕಣ್ಣೆತ್ತಿ, "ಇಲ್ಲೊಂದು ಸ್ಕ್ರೂ ಬಿಟ್ಟಿ ನೀನು," ಎನ್ನುತ್ತಿದ್ದರು. ನಿಜವಾಗಿಯೂ ಬಿಟ್ಟಿರುತ್ತಿದ್ದೆ.

ಕೊನೆಯ ವರ್ಷದ ಪರೀಕ್ಷೆಗೆ ನನಗೆಂದೇ ಒಂದು ಸಣ್ಣ ವಾಚು ಕಟ್ಟಿಕೊಟ್ಟರು. ಪರೀಕ್ಷೆಯ ಕೋಣೆಗೆ ಮೊಬೈಲ್ ಬಿಡುತ್ತಿರಲಿಲ್ಲ, ಅಲ್ಲಿನ ಗೋಡೆ ಗಡಿಯಾರ ಕೆಟ್ಟಿತ್ತು. ಅರ್ಥಶಾಸ್ತ್ರದ ದಿನ, ಹನ್ನೊಂದರಿಂದ ಎರಡರವರೆಗಿನ ಪರೀಕ್ಷೆ. ಬರೆಯುತ್ತ ಒಮ್ಮೆ ನೋಡಿದೆ, ಒಂದು ಗಂಟೆ ಐದು ನಿಮಿಷ. ಇನ್ನೂ ಸಮಯವಿದೆ ಎಂದು ನಿಧಾನವಾಗಿ ಬರೆದೆ. ಅಷ್ಟರಲ್ಲಿ ಮೇಡಂ, "ಶೇವಟಚೀ ಪಾಚ್ ಮಿನಿಟೆ," ಎಂದರು. ಐದೇ ನಿಮಿಷ. ಮತ್ತೆ ನೋಡಿದರೆ ವಾಚಿನಲ್ಲಿ ಆಗಲೂ ಒಂದು ಐದೇ. ದೊಡ್ಡ ಮುಳ್ಳು ಸಣ್ಣ ಮುಳ್ಳಿನ ಮೇಲೆ ಹಾಯುವಾಗ ಅದಕ್ಕೆ ತಾಗಿ ನಿಂತುಬಿಟ್ಟಿತ್ತು. ಎರಡು ದೊಡ್ಡ ಪ್ರಶ್ನೆಗಳು ಉಳಿದವು. ಆ ಒಂದು ವಿಷಯದಲ್ಲಿ ಫೇಲಾದೆ.

"ನಾ ಹೇಳಿದ್ನಿಲ್ಲ? ಸಾಕಿನ್ನ. ದೀಪಾವಳಿ ಒಳಗ ಗಂಡು ನೋಡ್ತೀನಿ," ಎಂದ ಮಾವ. ಅವ್ವ ಪುಸ್ತಕಗಳನ್ನು ಕಟ್ಟಿ ಮಂಚದ ಕೆಳಗೆ ತಳ್ಳಿದಳು.

ಫಲಿತಾಂಶದ ಮರುದಿನ ವಾಚನ್ನು ಕ್ಯಾಂಟೀನ್ ಮ್ಯಾನೇಜರಿಗೆ ವಾಪಸು ಕೊಟ್ಟು, ಅಲ್ಲಿಯವರೆಗೆ ಮುಚ್ಚಿಟ್ಟಿದ್ದನ್ನು ಹೇಳಿದೆ. ಭಾನುವಾರ ಅವರು ಕಲ್ಯಾಣದಿಂದ ಠಾಣೆಗೆ ಬಂದು, ಅಲ್ಲಿ ರೈಲು ಬದಲಿಸಿ, ನಮ್ಮ ಚಾಳಿನ ಕೋಣೆಯ ಬಾಗಿಲಿಗೆ ಬಂದು ನಿಂತರು. ಮಾವ ಬನಿಯನ್ನಿನಲ್ಲೇ ಎದ್ದು ಕೂತ.

"ನಿಮ್ಮ ಹುಡುಗಿ ಫೇಲಾಗಿಲ್ಲ, ನಾನು ಫೇಲಾದದ್ದು," ಎಂದರು. "ಚಂದ ಕಾಣ್ಲಿ ಅಂತ ಕೊನೆಗೆ ಮುಳ್ಳು ಬದಲಿಸಿದೆ. ಮೇಜಿನ ಮೇಲೆ ಮಲಗಿಸಿ ಎರಡು ದಿನ ನೋಡಿದೆ, ಸರಿಯಿತ್ತು. ಕೈಗೆ ಕಟ್ಟಿ ನೋಡ್ಲಿಲ್ಲ."

ಮುಚ್ಚಳ ತೆಗೆದು ನನ್ನಿಂದಲೇ ಓದಿಸಿದರು. ಹಳೆಯ ಸಾಲಿನ ಕೆಳಗೆ ಹೊಸದೊಂದು ಸಾಲಿತ್ತು: ಮುಳ್ಳು ತಾಗಿ ನಿಂತಿತು, ತಪ್ಪು ನನ್ನದು.

ಓದು ಬಾರದ ಮಾವ ಆ ಮುಚ್ಚಳವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಯಾರೂ ನೋಡದ ಜಾಗದಾಗ ಯಾಕ ಬರೀತೀರಿ ಸಾಹೇಬ್ರ?"

"ಮುಂದೆ ಬಿಚ್ಚುವವನಿಗೆ ಗೊತ್ತಾಗ್ಬೇಕಲ್ಲ."

ಚಹಾ ಬಂತು. ಕುಡಿದು ಲೋಟ ಕೆಳಗಿಡುವಾಗ ಮಾವ, "ಇನ್ನೊಂದು ವರ್ಷ ಓದ್ಲಿ," ಎಂದ, ಯಾರ ಮುಖವನ್ನೂ ನೋಡದೆ.

ಆ ವಾಚನ್ನು ಅವರು ಪುನಃ ಬಿಚ್ಚಿ ಕಟ್ಟಿ, ಒಂದು ವಾರ ತಮ್ಮ ದಪ್ಪ ಮಣಿಕಟ್ಟಿಗೇ ಕಟ್ಟಿಕೊಂಡು ಓಡಾಡಿದರು. ಹೆಂಗಸರ ವಾಚು ನೋಡಿ ಕಾರ್ಖಾನೆಯವರೆಲ್ಲ ನಕ್ಕರು. "ನಗಲಿ. ನಿಲ್ಲದಿದ್ರೆ ಸಾಕು," ಎಂದರು. ವಾಚು ನಿಲ್ಲಲಿಲ್ಲ. ಮರುವರ್ಷ ನಾನು ಪಾಸಾದೆ. ಅಂಕಪಟ್ಟಿಯನ್ನು ಅವರು ಭೂತಗನ್ನಡಿ ಹಾಕಿಕೊಂಡೇ ಓದಿ, "ಸ್ಕ್ರೂ ಎಲ್ಲ ಉಂಟು," ಎಂದರು. ಸರ್ಟಿಫಿಕೇಟ್ ಕೈಗೆ ಬರುವ ಮೊದಲೇ, ಮಳೆಗಾಲದ ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಟವರು ಕಲ್ಯಾಣ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಲ್ಲೇ ತೀರಿಕೊಂಡರು.

ಇಂದು ನಾನು ಬೇಲಾಪುರದ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುತ್ತೇನೆ. ನಮ್ಮ ಮನೆತನದ ಮೊದಲ ಪದವೀಧರೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದಿನಾ ಬೆಳಿಗ್ಗೆ ಆ ವಾಚಿಗೆ ಕೀಲಿ ಕೊಟ್ಟೇ ಮನೆ ಬಿಡುವುದು.

ಸರ್ಟಿಫಿಕೇಟ್ ಕೊಟ್ಟ ದಿನ ಮಾವ ಕೆಲಸ ಬಿಟ್ಟು ನನ್ನ ಜೊತೆ ಬಂದಿದ್ದ. ಕೌಂಟರಿನವರು ಸಹಿ ಮಾಡಿಸಿಕೊಂಡು ಕಾಗದವನ್ನು ನನ್ನ ಕೈಗಿಟ್ಟರು. ನಾನು ಮಾವನ ಕೈಗಿಟ್ಟೆ. ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಹಿಡಿದ. ಮುಂದಿನದನ್ನು ನೋಡಿದ, ತಿರುಗಿಸಿ ಹಿಂದಿನದನ್ನೂ ನೋಡಿದ.

"ಹಿಂದ ಖಾಲಿ ಅದಲ್ಲವಾ," ಎಂದ. "ಆ ಸಾಹೇಬ್ರ ಹೆಸರು ಬರಿ. ನಾ ಆಗಂಗಿಲ್ಲ ಅಂದಿದ್ದೂ ಬರಿ. ತಪ್ಪು ನಂದು."